ಗೇಜ್ ಎರಡು ಕೆಜಿ ತೋರಿಸುತ್ತದೆ, ಕೊನೆಯ ಎಕರೆಗೆ ನೀರು ಯಾಕೆ ಹೋಗಲ್ಲ?

ಪ್ರಶ್ನೆ: ನಮ್ಮದು ಬೀದರ್ ತಾಲ್ಲೂಕು. ಮೂರು ಎಕರೆ ಕಬ್ಬಿಗೆ ಡ್ರಿಪ್ ಹಾಕಿಸಿದ್ದೇವೆ. ಎಕರೆಗೊಂದು ವಾಲ್ವ್, ಒಂದೊಂದನ್ನೇ ತೆರೆಯುತ್ತೇವೆ. ತೆರೆದ ಬಾವಿ. ದಂಡೆಯ ಮೇಲೆ 3 ಎಚ್‌ಪಿ ಮೊನೊಬ್ಲಾಕ್ ಪಂಪ್ (ಮೋಟರ್, ಪಂಪ್ ಒಂದೇ ತುಂಡು). ಪಂಪಿನ ಪಕ್ಕದಲ್ಲಿ, ಫಿಲ್ಟರಿಗೆ ಮೊದಲು, ಒಂದು ಗೇಜ್ ಇದೆ. ಬೆಳಿಗ್ಗೆ ಅದು 2.2 ಕೆಜಿ ತೋರಿಸುತ್ತದೆ. ಬಾವಿ ಪಕ್ಕದ ಎಕರೆಗೆ ನೀರು ಚೆನ್ನಾಗಿ ಬೀಳುತ್ತದೆ. 220 ಮೀಟರ್ ದೂರದ ಮೂರನೇ ಎಕರೆಯಲ್ಲಿ ಸಾಲಿನ ತುದಿಯ ಡ್ರಿಪ್ಪರ್ ಒದ್ದೆ ಕೂಡ ಆಗುವುದಿಲ್ಲ. ಆ ಹೊಲ ಬಾವಿಗಿಂತ ಆರೇಳು ಅಡಿ ಎತ್ತರದಲ್ಲಿದೆ. ಮೇನ್ ಪೈಪ್ 63 ಎಂಎಂ. ಇನ್ನೊಂದು ತೊಂದರೆ ಅಂದರೆ, ಒಂದೂವರೆ ಗಂಟೆ ಓಡಿದ ಮೇಲೆ ಬಾವಿ ನೀರು ಪಂಪಿನಿಂದ 28 ಅಡಿ ಕೆಳಗೆ ಇಳಿಯುತ್ತದೆ. ಆಗ ಗೇಜಿನ ಮುಳ್ಳು ನಡುಗುತ್ತದೆ, ಪಂಪಿನೊಳಗೆ ಗರಸು ತಿರುಗಿದಂಥ ಸದ್ದು ಬರುತ್ತದೆ, ಕೊನೆಗೆ ಪಂಪ್ ನೀರು ಎತ್ತುವುದನ್ನೇ ಬಿಡುತ್ತದೆ. ಸಗಣಿ ನೀರು ಸುರಿದು ಮತ್ತೆ ಎತ್ತಿಸಬೇಕು. ಅಂಗಡಿಯವರು 5 ಎಚ್‌ಪಿ ಹಾಕಿ ಅಂತಾರೆ. ಅಪ್ಪ ಬಾವಿ ಹತ್ತಿರ ಐದು ಅಡಿ ಕಟ್ಟೆ ಕಟ್ಟಿ ದೊಡ್ಡ ಟ್ಯಾಂಕ್ ಇಡೋಣ ಅಂತಾರೆ. ಇಂಜಿನಿಯರಿಂಗ್ ಓದುವ ತಮ್ಮ, ಗೇಜಿನ ಅಂಕಿಗೆ ಒಂದು ಸೇರಿಸಬೇಕು, ನಿಜವಾದ ಒತ್ತಡ ಮೂರರ ಮೇಲಿದೆ ಅಂತಾನೆ. ಯಾರ ಮಾತು ಕೇಳಲಿ? ಒಳ್ಳೆ ಗೇಜ್ ಯಾವುದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಒಂದರ ಮೇಲೊಂದು ಕೂತಿವೆ. ಕೊನೆಯ ಎಕರೆಗೆ ನೀರು ಹೋಗದಿರುವುದು ಡೆಲಿವರಿ ಕಡೆಯ, ಅಂದರೆ ಪಂಪಿನಿಂದ ಹೊಲದ ಕಡೆಯ ತೊಂದರೆ. ಒಂದೂವರೆ ಗಂಟೆ ಆದ ಮೇಲೆ ಪಂಪ್ ನೀರು ಬಿಡುವುದು ಸಕ್ಷನ್ ಕಡೆಯದು, ಅಂದರೆ ಬಾವಿಯಿಂದ ಪಂಪಿನ ತನಕದ್ದು. ಎರಡಕ್ಕೂ ಮದ್ದು ಅಂತ ಅಂಗಡಿಯವರು 5 ಎಚ್‌ಪಿ ತೋರಿಸುತ್ತಿದ್ದಾರೆ. ಅದು ಮೊದಲನೆಯದಕ್ಕೆ ಅರೆಮದ್ದು. ಎರಡನೆಯದನ್ನು ಇನ್ನೂ ಕೆಡಿಸುತ್ತದೆ. ಸದ್ಯಕ್ಕೆ ದುಡ್ಡು ಕೊಡಬೇಡಿ.

ಪಂಪು, ಡ್ರಿಪ್ಪಿನ ಕೆಲಸಕ್ಕೆ ಅಂತ ನಾನು ಈ ಭಾಗದ ಮೂರು ಜಿಲ್ಲೆಗಳ ಹೊಲಗಳಲ್ಲಿ ತಿರುಗುತ್ತೇನೆ. ಪಂಪಿನ ಪಕ್ಕ ಒಂದು ಗೇಜ್ ಬಹಳ ಕಡೆ ಇರುತ್ತದೆ. ಎರಡನೇ ಗೇಜ್ ಎಲ್ಲೂ ಇರುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿ. ನೀರು ಹರಿಯುವುದು ಒಂದು ಜಾಗದ ಒತ್ತಡದಿಂದ ಅಲ್ಲ, ಎರಡು ಜಾಗಗಳ ನಡುವಿನ ವ್ಯತ್ಯಾಸದಿಂದ. ಪಂಪಿನ ಪಕ್ಕದ ಗೇಜಿನಲ್ಲಿ 2.2 ಇದೆ, ಸರಿ. ಮೂರನೇ ಎಕರೆಯ ವಾಲ್ವಿನ ಬಳಿ ಎಷ್ಟಿದೆ? ಅದು ನಿಮಗೂ ಗೊತ್ತಿಲ್ಲ, ಅಂಗಡಿಯವರಿಗೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ಮೋಟರಿನ ಸೈಜ್ ನಿರ್ಧಾರ ಆಗಿಹೋಗಿದೆ.

ತಮ್ಮನ ಲೆಕ್ಕ

ತಮ್ಮ ಓದಿದ್ದು ಸರಿಯೇ. ನಮ್ಮ ಸುತ್ತಲಿನ ಗಾಳಿಗೂ ಭಾರ ಇದೆ, ಅದು ಎಲ್ಲವನ್ನೂ ಒತ್ತುತ್ತಲೇ ಇರುತ್ತದೆ. ಸಮುದ್ರಮಟ್ಟದಲ್ಲಿ ಈ ಒತ್ತಡ 1.013 ಬಾರ್. ಬೀದರ್ ಪಟ್ಟಣ ಸಮುದ್ರಮಟ್ಟಕ್ಕಿಂತ ಸುಮಾರು 2,300 ಅಡಿ ಎತ್ತರದಲ್ಲಿದೆ. ಮೇಲೆ ಹೋದಷ್ಟೂ ತಲೆಯ ಮೇಲಿನ ಗಾಳಿ ಕಡಿಮೆ, ಹಾಗಾಗಿ ಇಲ್ಲಿ ಒತ್ತಡ 0.93 ಬಾರ್ ಹತ್ತಿರ ಇರುತ್ತದೆ. ಏನೂ ಇಲ್ಲದ ಖಾಲಿಯಿಂದ, ಅಂದರೆ ಪೂರ್ತಿ ಸೊನ್ನೆಯಿಂದ ಅಳೆದರೆ ಅದಕ್ಕೆ ಅಬ್ಸೊಲ್ಯೂಟ್ ಒತ್ತಡ ಅನ್ನುತ್ತಾರೆ. ಸುತ್ತಲಿನ ಗಾಳಿಯನ್ನೇ ಸೊನ್ನೆ ಅಂತ ಹಿಡಿದು ಅಳೆದರೆ ಅದು ಗೇಜ್ ಒತ್ತಡ. ನಿಮ್ಮ 2.2 ಕೆಜಿ ಗೇಜ್ ಒತ್ತಡ. ಗಾಳಿಯದ್ದೂ ಸೇರಿಸಿದರೆ 3.15 ಆಗುತ್ತದೆ.

ಆದರೆ ಆ ಹೆಚ್ಚುವರಿ ನಿಮ್ಮ ಡ್ರಿಪ್ಪಿಗೆ ಉಪಯೋಗ ಇಲ್ಲ. ಪೈಪಿನ ಒಳಗೆ ನೀರನ್ನು ಹೊರಗೆ ತಳ್ಳುವಾಗ ಗಾಳಿಯೂ ಲೆಕ್ಕಕ್ಕೆ ಬಂತು ಅಂದುಕೊಳ್ಳಿ. ಡ್ರಿಪ್ಪರಿನ ತೂತಿನ ಹೊರಗೆ ಅದೇ ಗಾಳಿ ಅಷ್ಟೇ ಬಲದಿಂದ ಒಳಗೆ ಒತ್ತುತ್ತಿರುತ್ತದೆ, ಅಲ್ವಾ? ಎರಡೂ ವಜಾ ಆಗಿಬಿಡುತ್ತವೆ. ಡ್ರಿಪ್ ಕಂಪನಿಯವರು 1 ಕೆಜಿ ಬೇಕು ಅಂದರೆ ಅದು ಗೇಜ್ ಒತ್ತಡವೇ. ತಮ್ಮನ ಲೆಕ್ಕ ಸಕ್ಷನ್ ಕಡೆ ಬಹಳ ಕೆಲಸಕ್ಕೆ ಬರುತ್ತದೆ, ಅಲ್ಲಿಗೆ ಆಮೇಲೆ ಬರೋಣ.

ಅಂದ ಹಾಗೆ ಕೆಜಿ, ಬಾರ್, ಪಿಎಸ್‌ಐ ಮೂರನ್ನೂ ನೋಡಿ ಗಾಬರಿ ಬೇಡ. ಅಂಗಡಿಯ 1 ಕೆಜಿ ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಒಂದು ಕೆಜಿ ಭಾರ. ಅದು 0.98 ಬಾರ್, 14.2 ಪಿಎಸ್‌ಐ. ಹೊಲದ ಮಟ್ಟಿಗೆ ಕೆಜಿಯೂ ಬಾರೂ ಒಂದೇ ಅಂದುಕೊಂಡರೆ ನಷ್ಟವಿಲ್ಲ. ನೆನಪಿಡಬೇಕಾದ ಅಂಕಿ ಬೇರೆ ಇದೆ. 10 ಮೀಟರ್ ಎತ್ತರದ ನೀರಿನ ಕಂಬ ಕೆಳಗೆ ಒತ್ತುವುದು 1 ಕೆಜಿ. ನಿಮ್ಮ 2.2 ಅಂದರೆ 22 ಮೀಟರ್ ನೀರು. ಮುಂದಿನ ಲೆಕ್ಕವನ್ನೆಲ್ಲ ಈ ಮೀಟರಿನಲ್ಲೇ ಮಾಡೋಣ, ಸುಲಭ.

ಅಪ್ಪನ ಟ್ಯಾಂಕು

ದೊಡ್ಡ ಟ್ಯಾಂಕ್ ಅಂದರೆ ಜಾಸ್ತಿ ಒತ್ತಡ ಅನ್ನುವ ನಂಬಿಕೆ ಹಳ್ಳಿಯಲ್ಲೂ ಇದೆ, ಕಲಬುರಗಿಯ ಮೂರಂತಸ್ತಿನ ಮನೆಗಳಲ್ಲೂ ಇದೆ. ನಿಂತ ನೀರಿನ ಒತ್ತಡಕ್ಕೆ ಬೇಕಾದದ್ದು ಎತ್ತರ ಮಾತ್ರ. ಸಾವಿರ ಲೀಟರ್ ಟ್ಯಾಂಕಿಗೂ ಲಕ್ಷ ಲೀಟರ್ ಟ್ಯಾಂಕಿಗೂ ನೀರಿನ ಮಟ್ಟ ಒಂದೇ ಎತ್ತರದಲ್ಲಿದ್ದರೆ ಕೆಳಗಿನ ನಳದಲ್ಲಿ ಒತ್ತಡ ಒಂದೇ. ಅಗಲ ಹೆಚ್ಚಿದರೆ ಭಾರ ಹೆಚ್ಚುತ್ತದೆ ನಿಜ, ಆದರೆ ಅದನ್ನು ಹೊರುವ ತಳವೂ ಅಷ್ಟೇ ಹೆಚ್ಚಿರುತ್ತದೆ.

ಐದು ಅಡಿ ಕಟ್ಟೆ, ಅದರ ಮೇಲೆ ಐದು ಅಡಿ ನೀರು. ತುಂಬಿದಾಗ 3 ಮೀಟರ್, ಅಂದರೆ 0.3 ಕೆಜಿ. ನಿಮ್ಮ ಮೂರನೇ ಎಕರೆಯೇ 2 ಮೀಟರ್ ಎತ್ತರದಲ್ಲಿದೆ. ಉಳಿಯುವುದು 1 ಮೀಟರ್. ಟ್ಯಾಂಕ್ ಅರ್ಧ ಖಾಲಿಯಾದರೆ ಅದೂ ಇಲ್ಲ. ಪೈಪಿನ ಉಜ್ಜಾಟ, ಅಂದರೆ ನೀರು ಪೈಪಿನ ಗೋಡೆಗೆ ಉಜ್ಜಿ ಕಳೆದುಕೊಳ್ಳುವ ಒತ್ತಡ, ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಮನೆ ಹಿಂದಿನ ಕೈತೋಟದ ಡ್ರಿಪ್ಪಿಗೆ ಇಷ್ಟು ಎತ್ತರ ಸಾಕಾದೀತು, ಎಕರೆಗಟ್ಟಲೆ ಕಬ್ಬಿಗೆ ಸಾಲದು.

ಅಪ್ಪನನ್ನು ತಳ್ಳಿಹಾಕಬೇಡಿ. ನೀರನ್ನು ಎತ್ತರದಿಂದ ತಗ್ಗಿಗೆ ಬಿಟ್ಟು ಕೆಲಸ ಮಾಡಿಸುವುದು ಬೀದರಿನ ಹಳೆಯ ವಿದ್ಯೆ. ಬಹಮನಿ ಕಾಲದ ನೌಬಾದ್ ಸುರಂಗ ಬಾವಿಯಲ್ಲಿ ಪಂಪೂ ಇರಲಿಲ್ಲ, ಒತ್ತಡವೂ ಇಲ್ಲ. ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಇಂಗಿದ ನೀರು, ಕೆಳಗಿನ ಗಟ್ಟಿ ಕಪ್ಪುಕಲ್ಲು ತಡೆದಲ್ಲಿ ಸೇರಿಕೊಂಡು, ಸುರಂಗದ ಸಣ್ಣ ಇಳಿಜಾರಿನಲ್ಲಿ ತಾನೇ ಹರಿಯುತ್ತದೆ. ಮೇಲೆ ಗಾಳಿಗೆ ಬಾವಿಗಳು ತೆರೆದಿವೆ. ಹರಿಯುವ ನೀರಿನ ಮೇಲ್ಮೈಗೆ ಗೇಜ್ ಹಿಡಿದರೆ ಸೊನ್ನೆ ತೋರಿಸುತ್ತದೆ. ಇಳಿಜಾರು ಇದ್ದಲ್ಲಿ ಸೊನ್ನೆ ಒತ್ತಡದಲ್ಲೂ ನೀರು ಹೋಗುತ್ತದೆ. ನಿಮ್ಮ ಹೊಲ ಏರಿನಲ್ಲಿದೆ, ಅಷ್ಟೇ ವ್ಯತ್ಯಾಸ.

ಕರೆಂಟ್ ಬಂದಾಗ ನೀರು ತುಂಬಿಸಿಡಲು ಟ್ಯಾಂಕ್ ಒಳ್ಳೆಯದು. ಆ ಉದ್ದೇಶಕ್ಕೆ ಕಟ್ಟಿಸಿ. ಒತ್ತಡಕ್ಕೆ ಅಂತ ಬೇಡ.

22 ಮೀಟರ್ ಎಲ್ಲಿ ಹೋಯಿತು?

ಈಗ ನಿಜವಾದ ವಿಷಯ. ಎಕರೆಗೊಂದು ವಾಲ್ವ್ ಇರುವ ಕಬ್ಬಿನ ಡ್ರಿಪ್ಪಿನಲ್ಲಿ ಒಂದು ಎಕರೆಗೆ ಗಂಟೆಗೆ ಸುಮಾರು 18 ಸಾವಿರ ಲೀಟರ್ ಹಿಡಿಯೋಣ, ಅಂದರೆ ಸೆಕೆಂಡಿಗೆ 5 ಲೀಟರ್. ನಿಮ್ಮಲ್ಲಿ ಇದು ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಇಷ್ಟು ನೀರು 63 ಎಂಎಂ ಪಿವಿಸಿ ಪೈಪಿನಲ್ಲಿ ಹೋದರೆ ಪ್ರತಿ 100 ಮೀಟರಿಗೆ ಐದೂವರೆ ಮೀಟರಿನಷ್ಟು ಒತ್ತಡ ಉಜ್ಜಾಟದಲ್ಲೇ ಕರಗುತ್ತದೆ. 220 ಮೀಟರಿಗೆ 12 ಮೀಟರ್. ಏರಿಗೆ 2 ಮೀಟರ್. ಫಿಲ್ಟರ್ ಸ್ವಲ್ಪ ಕಟ್ಟಿದ್ದರೆ ಅಲ್ಲಿ 5 ಮೀಟರ್. ಒಟ್ಟು 19. ಮೂರನೇ ಎಕರೆಯ ವಾಲ್ವಿಗೆ ಮುಟ್ಟುವುದು 3 ಮೀಟರ್, 0.3 ಕೆಜಿ. ಸಾಮಾನ್ಯ ಡ್ರಿಪ್ಪರ್ ಬರೆದಷ್ಟು ನೀರು ಕೊಡುವುದು 1 ಕೆಜಿ ಇದ್ದಾಗ. ಸಾಲಿನ ತುದಿ ಒಣಗಿರುವುದರಲ್ಲಿ ಆಶ್ಚರ್ಯ ಏನೂ ಇಲ್ಲ. ನಿಜದಲ್ಲಿ ಒತ್ತಡ ಕುಸಿದಾಗ ಹರಿವೂ ಇಳಿಯುತ್ತದೆ, ಉಜ್ಜಾಟವೂ ಇಳಿಯುತ್ತದೆ. ಹಾಗಾಗಿ 0.3ರ ಬದಲು 0.5 ಸಿಗಬಹುದು. ಕಥೆ ಬದಲಾಗುವುದಿಲ್ಲ.

ಬಾವಿ ಪಕ್ಕದ ಎಕರೆಗೆ ಪೈಪ್ ಗಿಡ್ಡ, ಉಜ್ಜಾಟ ಕಡಿಮೆ, ಏರೂ ಇಲ್ಲ. ಅದಕ್ಕೇ ಅಲ್ಲಿ ಚೆನ್ನಾಗಿ ಬೀಳುತ್ತದೆ.

ಇಲ್ಲಿ 5 ಎಚ್‌ಪಿ ಹಾಕಿದರೆ? ಪಂಪ್ ಹೆಚ್ಚು ನೀರು ತಳ್ಳಲು ನೋಡುತ್ತದೆ. ಆದರೆ ಹರಿವು ಒಂದೂವರೆ ಪಟ್ಟಾದರೆ ಉಜ್ಜಾಟ ಎರಡು ಪಟ್ಟು ದಾಟುತ್ತದೆ. ನೀವು ಕರೆಂಟಿಗೆ ಕೊಡುವ ಹೆಚ್ಚಿನ ಬಲದ ಬಹುಪಾಲು ಅದೇ 63 ಎಂಎಂ ಪೈಪಿನಲ್ಲಿ ಸುಟ್ಟುಹೋಗುತ್ತದೆ. ದೂರದ ಎಕರೆಗೆ ಸ್ವಲ್ಪ ಸುಧಾರಣೆ ಕಾಣಬಹುದು. ಹತ್ತಿರದ ಎಕರೆಯಲ್ಲಿ ಮಾತ್ರ ಒತ್ತಡ ಮಿತಿಮೀರಿ, ಸಾಲಿನ ಪೈಪ್ ಕೂಡಿಸುವ ರಬ್ಬರ್ ಉಂಗುರಗಳಾದ ಗ್ರೊಮೆಟ್‌ಗಳು ಕಳಚಿ ಹಾರುತ್ತವೆ.

ಅದೇ 5 ಲೀಟರ್ ನೀರನ್ನು 75 ಎಂಎಂ ಪೈಪಿನಲ್ಲಿ ಕಳಿಸಿದರೆ 100 ಮೀಟರಿಗೆ ಕರಗುವುದು 2.4 ಮೀಟರ್ ಅಷ್ಟೇ. 90 ಎಂಎಂ ಆದರೆ 1 ಮೀಟರ್. ಪೈಪ್ ಬರೀ 12 ಎಂಎಂ ದಪ್ಪವಾದರೆ ನಷ್ಟ ಅರ್ಧಕ್ಕಿಂತ ಕೆಳಗೆ ಇಳಿಯಿತು ನೋಡಿ. ನಿಮಗೆ 75 ಸಾಕು. ಆಗ ಮೂರನೇ ಎಕರೆಗೆ 1 ಕೆಜಿ ಹತ್ತಿರ ಸಿಗುತ್ತದೆ, ಇದೇ 3 ಎಚ್‌ಪಿ ಪಂಪಿನಿಂದ. ಫಿಲ್ಟರ್ ಚೊಕ್ಕವಾಗಿದ್ದರೆ ಇನ್ನೂ ಸ್ವಲ್ಪ ಜಾಸ್ತಿ.

ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳೇ ಹೇಳುತ್ತಾರೆ: "ಪೈಪ್ ಸಣ್ಣದು ಮಾಡು, ಪ್ರೆಶರ್ ಬರ್ತದ." ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತದೆ, ಅದನ್ನು ನೋಡಿ ಹುಟ್ಟಿದ ಮಾತು. ಹೆಬ್ಬೆರಳಿಟ್ಟಾಗ ಹರಿವು ಕಡಿಮೆಯಾಗುತ್ತದೆ. ಹಿಂದಿನ ಪೈಪಿನಲ್ಲಿ ಉಜ್ಜಾಟ ಇಳಿದು ಬೆರಳಿನ ತನಕ ಒತ್ತಡ ಉಳಿಯುತ್ತದೆ. ಆ ಒತ್ತಡವೇ ಬಾಯಲ್ಲಿ ವೇಗ ಆಗುತ್ತದೆ. ಚಿಮ್ಮುವುದು ದೂರ, ತುಂಬುವ ಬಕೆಟ್ ತಡ. ನಿಮಗೆ ಬೇಕಾದದ್ದು ಬಕೆಟ್.

ಅಳೆಯುವುದು ಹೇಗೆ?

ಮೇಲಿನದ್ದು ನನ್ನ ಅಂದಾಜು. ಅದನ್ನು ನಂಬಿ ಪೈಪ್ ಕೊಳ್ಳಲೂ ಬೇಡಿ, ಅಳೆದು ನೋಡಿ.

ನಿಮ್ಮಲ್ಲಿರುವ ಗೇಜ್ ಬೂರ್ಡನ್ ಗೇಜ್. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ಡನ್ ಇದಕ್ಕೆ ಪೇಟೆಂಟ್ ಪಡೆದ. ಇವತ್ತಿಗೂ ಟ್ರ್ಯಾಕ್ಟರ್ ಗ್ಯಾರೇಜಿನಿಂದ ಸಕ್ಕರೆ ಕಾರ್ಖಾನೆಯ ಬಾಯ್ಲರ್ ತನಕ ಅದೇ. ಒಳಗೆ ಚಪ್ಪಟೆ ಮಾಡಿದ, ಬಾಗಿಸಿದ ಲೋಹದ ಕೊಳವೆ ಇರುತ್ತದೆ. ಜಾತ್ರೆಯಲ್ಲಿ ಮಕ್ಕಳು ಊದುವ ಸುರುಳಿ ಪೀಪಿ ಗೊತ್ತಲ್ಲ, ಊದಿದರೆ ಬಿಚ್ಚಿಕೊಳ್ಳುತ್ತದೆ. ಇದೂ ಹಾಗೆಯೇ. ಒತ್ತಡ ಬಂದರೆ ಕೊಳವೆ ನೆಟ್ಟಗಾಗಲು ನೋಡುತ್ತದೆ, ತುದಿ ಸರಿಯುತ್ತದೆ, ಹಲ್ಲಿನ ಚಕ್ರ ಮುಳ್ಳನ್ನು ತಿರುಗಿಸುತ್ತದೆ. ಕೊಳವೆಯ ಹೊರಗೆ ಡಬ್ಬಿಯಲ್ಲಿ ಇರುವುದು ನಮ್ಮ ಗಾಳಿಯೇ. ಅದಕ್ಕೇ ಈ ಗೇಜ್ ಗಾಳಿಗಿಂತ ಎಷ್ಟು ಜಾಸ್ತಿ ಅನ್ನುವುದನ್ನು ಮಾತ್ರ ಹೇಳುತ್ತದೆ. ಮೋಟರ್ ನಿಂತಾಗ ಸೊನ್ನೆ ತೋರಿಸುವುದು ಒಳಗೂ ಹೊರಗೂ ಗಾಳಿಯ ಒತ್ತಡ ಸಮ ಅಂತ.

ಮೊದಲು ಗೇಜ್ ಸರಿಯಿದೆಯಾ ನೋಡಿ. ಮನೆಯ ಮೇಲಿನ ಟ್ಯಾಂಕಿನ ನೀರಿನ ಮಟ್ಟದಿಂದ ಕೆಳಗಿನ ನಳದ ತನಕ ಎತ್ತರ ಅಳೆಯಿರಿ. ಆ ನಳಕ್ಕೆ ಗೇಜ್ ಹಾಕಿ, ಉಳಿದ ನಳಗಳನ್ನೆಲ್ಲ ಮುಚ್ಚಿ. 6 ಮೀಟರ್ ಎತ್ತರ ಇದ್ದರೆ 0.6 ತೋರಿಸಬೇಕು. ಒಂದು ತೋರಿಸಿದರೆ ಅಥವಾ ಬರೀ ಸೊನ್ನೆಯಲ್ಲೇ ಕೂತರೆ ಆ ಗೇಜ್ ಬಿಸಾಕಿ. ಹೊಲದ ಗೇಜುಗಳಲ್ಲಿ ಮುಳ್ಳು ಅಂಟಿಕೊಂಡಿರುವುದು ತೀರಾ ಮಾಮೂಲು, ಬೆರಳಿನಿಂದ ತಟ್ಟಿದ ಮೇಲೆ ಓಡುತ್ತದೆ.

ಆಮೇಲೆ ಫಿಲ್ಟರ್. ನೀರು ಅದರೊಳಗೆ ಹೋಗುವ ಮೊದಲಿನ ಒತ್ತಡವನ್ನೂ ಹೊರಬಂದ ಮೇಲಿನ ಒತ್ತಡವನ್ನೂ ಅಳೆದು ಕಳೆಯಬೇಕು. ಇದಕ್ಕೆ ಡಿಫರೆನ್ಷಿಯಲ್ ಒತ್ತಡ ಅನ್ನುತ್ತಾರೆ. ಎರಡು ಅಗ್ಗದ ಗೇಜ್ ಹಾಕಬೇಡಿ. ಅವುಗಳ ನಡುವಿನ ತಪ್ಪೇ ನೀವು ಹುಡುಕುವ ವ್ಯತ್ಯಾಸಕ್ಕಿಂತ ದೊಡ್ಡದಿರುತ್ತದೆ. ಒಂದೇ ಗೇಜನ್ನು ಮೂರು ದಾರಿಯ ಕಾಕ್ ಹಾಕಿ ಎರಡೂ ಕಡೆಗೆ ಜೋಡಿಸಿ. ಚೊಕ್ಕ ಫಿಲ್ಟರಿನಲ್ಲಿ ವ್ಯತ್ಯಾಸ 0.1ರಿಂದ 0.3 ಕೆಜಿ. 0.5 ಮುಟ್ಟಿದರೆ ತೊಳೆಯಲೇಬೇಕು.

ಇಲ್ಲೊಂದು ಮೋಸ ಇದೆ. ಫಿಲ್ಟರ್ ಕಟ್ಟಿದಷ್ಟೂ ಅದಕ್ಕೆ ಮೊದಲು ಇರುವ ಗೇಜ್ ಮೇಲೇರುತ್ತದೆ. ನಿಮ್ಮ ಒಂದೇ ಗೇಜ್ ಇರುವುದು ಅಲ್ಲೇ. "ಇವತ್ತು ಪ್ರೆಶರ್ ಚೆನ್ನಾಗಿದೆ" ಅಂತ ನೀವು ಖುಷಿಪಟ್ಟ ದಿನವೇ ಹೊಲಕ್ಕೆ ನೀರು ಕಡಿಮೆ ಹೋಗಿರುತ್ತದೆ.

ಕೊನೆಗೆ ಮೂರನೇ ಎಕರೆ. ವಾಲ್ವ್ ಪೂರ್ತಿ ತೆರೆದು, ಸಾಲುಗಳೆಲ್ಲ ತುಂಬಿ, ಹತ್ತು ನಿಮಿಷ ಓಡಿದ ಮೇಲೆ ಅಳೆಯಿರಿ. ವಾಲ್ವ್ ಮುಚ್ಚಿ ಅಳೆದು "ಇಲ್ಲೂ ಎರಡು ಕೆಜಿ ಇದೆಯಲ್ಲ" ಅನ್ನುವವರನ್ನು ಬಹಳ ನೋಡಿದ್ದೇನೆ. ನೀರು ನಿಂತಿದ್ದರೆ ಉಜ್ಜಾಟವೇ ಇಲ್ಲ. ಸೂಜಿ ದಪ್ಪದ ಪೈಪಿನ ಕೊನೆಯಲ್ಲೂ ಪೂರ್ತಿ ಒತ್ತಡ ಕಾಣುತ್ತದೆ. ನಿಂತ ನೀರಿನ ಒತ್ತಡ ಬೇರೆ, ಓಡುವ ನೀರಿನದ್ದು ಬೇರೆ. ಹೊಲಕ್ಕೆ ಬೇಕಾದದ್ದು ಓಡುವಾಗಿನದ್ದು.

ಅಲ್ಲಿ ಒತ್ತಡ ತೀರಾ ಕಡಿಮೆ ಇದ್ದರೆ ಮುಳ್ಳಿನ ಗೇಜನ್ನು ನಂಬುವುದು ಕಷ್ಟ. ಗಾರೆ ಕೆಲಸದವರ ಹತ್ತಿರ ಪಾರದರ್ಶಕ ಲೆವೆಲ್ ಪೈಪ್ ಇರುತ್ತದೆ, ಕೇಳಿ ತನ್ನಿ. ಒಂದು ತುದಿಯನ್ನು ವಾಲ್ವಿನಿಂದ ಸಾಲುಗಳಿಗೆ ನೀರು ಹಂಚುವ ಪೈಪಿಗೆ, ಅಂದರೆ ಸಬ್‌ಮೇನಿಗೆ ಜೋಡಿಸಿ, ಇನ್ನೊಂದನ್ನು ಉದ್ದ ಬಿದಿರಿಗೆ ಕಟ್ಟಿ ನಿಲ್ಲಿಸಿ. ಮೇಲಿನ ಬಾಯಿ ತೆರೆದಿರಲಿ. ನೀರು ಎಷ್ಟು ಮೀಟರ್ ಏರಿ ನಿಲ್ಲುತ್ತದೋ ಅಷ್ಟೇ ಒತ್ತಡ. ಪಾಠದ ಪುಸ್ತಕದಲ್ಲಿ ಇದಕ್ಕೆ ಪೀಜೋಮೀಟರ್ ಅನ್ನುತ್ತಾರೆ, ತಮ್ಮನಿಗೆ ಗೊತ್ತಿರುತ್ತದೆ. ಇದರಲ್ಲಿ ಸ್ಪ್ರಿಂಗ್ ಇಲ್ಲ, ಹಲ್ಲಿಲ್ಲ, ಕೆಡುವುದಕ್ಕೆ ಏನೂ ಇಲ್ಲ. ನೀರು 3 ಮೀಟರಿಗೆ ನಿಂತರೆ 0.3 ಕೆಜಿ. ಆ ದೃಶ್ಯವನ್ನು ಅಂಗಡಿಯವರಿಗೂ ತೋರಿಸಿ.

ಡಿಜಿಟಲ್ ಸೆನ್ಸರ್‌ಗಳೂ ಬಂದಿವೆ. ಒಳಗಿನ ತೆಳು ತಗಡು ಒತ್ತಡಕ್ಕೆ ಬಾಗುತ್ತದೆ, ಆ ಬಾಗನ್ನು ವಿದ್ಯುತ್ ಸಂಕೇತವಾಗಿ ಓದುತ್ತಾರೆ. ಕಾರ್ಖಾನೆಗೆ ಸರಿ. ಮೂರು ಎಕರೆಗೆ ಸುಮ್ನೆ ಖರ್ಚು.

28 ಅಡಿಯ ಸಮಸ್ಯೆ

ಸಕ್ಷನ್ ಕಡೆಗೆ ಬರೋಣ. ಪಂಪ್ ನೀರನ್ನು ಎಳೆಯುತ್ತದೆ ಅಂತ ನಾವೆಲ್ಲ ಅನ್ನುತ್ತೇವೆ. ನೀರನ್ನು ಮೇಲಿನಿಂದ ಎಳೆಯಲು ಬರುವುದಿಲ್ಲ. ಪಂಪ್ ತನ್ನ ಬಾಯಲ್ಲಿ ಒತ್ತಡ ಕಡಿಮೆ ಮಾಡುತ್ತದೆ, ಅಷ್ಟೇ. ಬಾವಿಯ ನೀರಿನ ಮೇಲೆ ಕೂತ ಗಾಳಿ ನೀರನ್ನು ಪೈಪಿನೊಳಗೆ ತಳ್ಳುತ್ತದೆ. ಹೀಗಾಗಿ ಗಾಳಿಗೆ ಎಷ್ಟು ಶಕ್ತಿ ಇದೆಯೋ ಅಷ್ಟೇ ಎತ್ತರ. ಹಿಂದೆ ಇಟಲಿಯಲ್ಲಿ ಬಾವಿ ಪಂಪುಗಳು 10 ಮೀಟರ್ ಸುತ್ತಮುತ್ತ ಬಂದು ನಿಂತುಬಿಡುತ್ತಿದ್ದವು. ಯಾಕೆ ಅಂತ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. 1643ರಲ್ಲಿ ಟೊರಿಸೆಲ್ಲಿ ನೀರಿನ ಬದಲು ಪಾದರಸ ತೆಗೆದುಕೊಂಡು ಪ್ರಯೋಗ ಮಾಡಿಸಿದ. ಪಾದರಸ 760 ಮಿಲಿಮೀಟರಿಗೆ ನಿಂತಿತು. ಹಿಡಿದು ನಿಲ್ಲಿಸಿದ್ದು ಹೊರಗಿನ ಗಾಳಿ.

ಸಮುದ್ರಮಟ್ಟದಲ್ಲಿ ಗಾಳಿ 10.3 ಮೀಟರ್ ನೀರನ್ನು ತಳ್ಳಬಲ್ಲದು. ಬೀದರಿನಲ್ಲಿ 9.5 ಮೀಟರ್ ಮಾತ್ರ. ತಮ್ಮನ ಅಬ್ಸೊಲ್ಯೂಟ್ ಲೆಕ್ಕ ಬೇಕಾಗುವುದು ಇಲ್ಲಿ. ಕಲಬುರಗಿ, ಯಾದಗಿರಿ ಕಡೆ ನೆಲ ತಗ್ಗಿನಲ್ಲಿದೆ, ಅವರಿಗೆ ನಿಮಗಿಂತ ಒಂದು ಅಡಿಯಷ್ಟು ಜಾಸ್ತಿ ಸಿಗುತ್ತದೆ.

ಈ 9.5 ಪೂರ್ತಿ ನಿಮ್ಮದಲ್ಲ. ಒತ್ತಡ ಬಹಳ ಇಳಿದರೆ ನೀರು ತಣ್ಣಗಿರುವಾಗಲೇ ಕುದಿಯುತ್ತದೆ. 30 ಡಿಗ್ರಿ ನೀರಿಗೆ ಇದರ ಪಾಲು ಸುಮಾರು 0.4 ಮೀಟರ್, 40 ಡಿಗ್ರಿಗೆ 0.75. ಪಂಪಿನ ಬಾಯಲ್ಲಿ ನೀರು ಆವಿಯಾಗದಂತೆ ಇನ್ನೊಂದು 2-3 ಮೀಟರ್ ಉಳಿಸಬೇಕು. ಸಕ್ಷನ್ ಪೈಪು, ಬೆಂಡು, ಪೈಪಿನ ತಳದ ಫುಟ್‌ವಾಲ್ವಿನ ಉಜ್ಜಾಟ ಬೇರೆ. ಉಳಿಯುವುದು 6 ಮೀಟರ್, ಎಲ್ಲ ಸರಿಯಿದ್ದರೆ ಆರೂವರೆ. ಅಂದರೆ 20-21 ಅಡಿ. ನೀವು ಎತ್ತಿಸುತ್ತಿರುವುದು 28 ಅಡಿಯಿಂದ.

ಆ ಗರಸಿನ ಸದ್ದು ಕಲ್ಲಿನದ್ದಲ್ಲ. ಪಂಪಿನ ಬಾಯಲ್ಲಿ ನೀರು ಕುದ್ದು ಗುಳ್ಳೆಗಳಾಗಿ, ಮುಂದೆ ಒತ್ತಡ ಬಂದಲ್ಲಿ ಆ ಗುಳ್ಳೆಗಳು ಒಡೆಯುವ ಸದ್ದು. ಇದಕ್ಕೆ ಕ್ಯಾವಿಟೇಶನ್ ಅನ್ನುತ್ತಾರೆ. ಒಡೆದಾಗ ಬೀಳುವ ಪೆಟ್ಟು ಇಂಪೆಲ್ಲರಿನ, ಅಂದರೆ ಪಂಪಿನೊಳಗೆ ತಿರುಗುವ ಚಕ್ರದ, ಲೋಹವನ್ನು ಕಿತ್ತು ಗುಳಿ ಮಾಡುತ್ತದೆ. ಒಂದೆರಡು ಬೇಸಿಗೆ ಹೀಗೇ ಓಡಿಸಿದ ಇಂಪೆಲ್ಲರನ್ನು ಬಿಚ್ಚಿದರೆ ಗೆದ್ದಲು ತಿಂದ ಹಲಗೆಯೇ ಸರಿ. 5 ಎಚ್‌ಪಿ ಪಂಪ್ ಹೆಚ್ಚು ನೀರು ಕೇಳುತ್ತದೆ. ಬಾವಿ ಬೇಗ ಇಳಿಯುತ್ತದೆ, ಸಕ್ಷನ್ನಿನ ಉಜ್ಜಾಟ ಏರುತ್ತದೆ, ಒಂದೂವರೆ ಗಂಟೆಯ ಬದಲು ಮುಕ್ಕಾಲು ಗಂಟೆಗೇ ನೀರು ಬಿಡುತ್ತದೆ. ಗಾಳಿಯ ಶಕ್ತಿ ಮಾತ್ರ ಎಚ್‌ಪಿ ನೋಡಿ ಹೆಚ್ಚುವುದಿಲ್ಲ.

ಸಕ್ಷನ್ ಕಡೆಗೆ ಒಂದು ವ್ಯಾಕ್ಯೂಮ್ ಗೇಜ್ ಹಾಕಿ ನೋಡಬಹುದು. ಅದು ಗಾಳಿಗಿಂತ ಎಷ್ಟು ಕಡಿಮೆ ಅಂತ ಪಾದರಸದ ಮಿಲಿಮೀಟರಿನಲ್ಲಿ ಹೇಳುತ್ತದೆ. ಡಯಲ್ಲಿನಲ್ಲಿ 760 ತನಕ ಬರೆದಿದ್ದರೂ ಬೀದರಿನಲ್ಲಿ ಮುಳ್ಳು 700 ದಾಟಲಾರದು. ಓಡುವಾಗ 450ರ ಒಳಗಿದ್ದರೆ ನಿಶ್ಚಿಂತೆ. 500ರ ಆಚೆ ಹೋದರೆ ಆ ಸದ್ದು ಶುರುವಾಗುವ ಹೊತ್ತು.

ಸಗಣಿ ನೀರಿನ ಬಗ್ಗೆ ಒಂದು ಮಾತು. ಸಕ್ಷನ್ ಪೈಪಿನಲ್ಲಿ ಒತ್ತಡ ಹೊರಗಿಗಿಂತ ಕಡಿಮೆ. ಜಾಯಿಂಟ್ ಬಿಟ್ಟಿದ್ದರೆ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಸಗಣಿ ಆ ಸಂದನ್ನೂ ಫುಟ್‌ವಾಲ್ವಿನ ತೂತನ್ನೂ ತಾತ್ಕಾಲಿಕವಾಗಿ ಮುಚ್ಚುತ್ತದೆ. ಹಿಂದೆ ಕಾಲುವೆಗೆ ನೀರು ಬಿಡುವಾಗ ಸರಿಯಿತ್ತು. ಈಗ ಅದೇ ಸಗಣಿ ನಿಮ್ಮ ಫಿಲ್ಟರಿಗೆ, ಅಲ್ಲಿಂದ ಡ್ರಿಪ್ಪರಿಗೆ ಹೋಗುತ್ತದೆ. ಫಿಲ್ಟರ್ ಪದೇ ಪದೇ ಕಟ್ಟಲು ಇದೂ ಒಂದು ಕಾರಣ ಅಂತ ನನ್ನ ಗುಮಾನಿ. ಫುಟ್‌ವಾಲ್ವ್ ಬದಲಿಸಿ, ಜಾಯಿಂಟ್‌ಗಳನ್ನು ಬಿಚ್ಚಿ ಹೊಸದಾಗಿ ಕೂಡಿಸಿ.

ಏನು ಮಾಡಬಹುದು, ಏನು ಎಚ್ಚರ

ಖರ್ಚಿಲ್ಲದ್ದು ಮೊದಲು. ಬೆಳಿಗ್ಗೆ ಬಾವಿ ತುಂಬಿರುವಾಗ ಮೂರನೇ ಎಕರೆಗೆ ಬಿಡಿ. ನೀರು ಇಳಿದ ಮೇಲೆ ಹತ್ತಿರದ ಎಕರೆಗೆ ಬನ್ನಿ, ಡೆಲಿವರಿ ವಾಲ್ವನ್ನು ಸ್ವಲ್ಪ ಮುಚ್ಚಿ. ಹರಿವು ಇಳಿದರೆ ಸಕ್ಷನ್ನಿನ ಹೊರೆ ಇಳಿಯುತ್ತದೆ, ಗರಸಿನ ಸದ್ದು ಕಡಿಮೆಯಾಗುತ್ತದೆ. ಹತ್ತಿರದ ಎಕರೆಗೆ ಅಷ್ಟು ಒತ್ತಡ ಬೇಕಾಗಿಯೂ ಇಲ್ಲ. ಈ ಸಲದ ಬೇಸಿಗೆಯನ್ನು ಇಷ್ಟರಲ್ಲೇ ದಾಟಬಹುದು. ವಾಲ್ವ್ ಪೂರ್ತಿ ಮುಚ್ಚಿ ಮಾತ್ರ ಪಂಪ್ ಓಡಿಸಬೇಡಿ, ಒಳಗಿನ ನೀರು ಕಾದು ಸೀಲ್ ಹೋಗುತ್ತದೆ.

ಬಾವಿಗೆ ಗಟ್ಟಿ ಮದ್ದು ಅಂದರೆ ಓಪನ್‌ವೆಲ್ ಸಬ್‌ಮರ್ಸಿಬಲ್. ಪಂಪೇ ನೀರಿನೊಳಗೆ ಇರುವುದರಿಂದ ಸಕ್ಷನ್ ಅನ್ನುವ ಜಗಳವೇ ಇಲ್ಲ. ಆದರೆ ಒಂದು ಲೆಕ್ಕ ಮರೆಯಬೇಡಿ. ಈಗ ದಂಡೆಯ ಮೇಲೆ ಸಿಗುವ 2.2 ಕೆಜಿ ಬೇಕಾದರೆ ಹೊಸ ಪಂಪ್ ಬಾವಿಯ 8-9 ಮೀಟರನ್ನೂ ಸೇರಿಸಿ 31 ಮೀಟರ್ ಹೆಡ್, ಅಂದರೆ ಅಷ್ಟು ಎತ್ತರದ ನೀರಿನ ಒತ್ತಡ, ಕೊಡಬೇಕು. ಅಂಗಡಿಯಲ್ಲಿ ಎಚ್‌ಪಿ ಹೇಳಬೇಡಿ, "ಸೆಕೆಂಡಿಗೆ 5 ಲೀಟರ್, 31 ಮೀಟರ್ ಹೆಡ್" ಅಂತ ಹೇಳಿ. ಮೇನ್ ಪೈಪ್ 75 ಮಾಡಿದರೆ ಮಾತ್ರ ಈ 31 ಸಾಕು, 63 ಇಟ್ಟುಕೊಂಡರೆ ಇನ್ನೂ ದೊಡ್ಡ ಪಂಪ್ ಬೇಕಾಗುತ್ತದೆ. ಅದಕ್ಕೇ ಪೈಪ್ ಮೊದಲು, ಪಂಪ್ ಆಮೇಲೆ. ಇದರ ಅಪಾಯ: ನೀರು ಪಂಪಿಗಿಂತ ಕೆಳಗಿಳಿದರೆ ಸುಟ್ಟುಹೋಗುತ್ತದೆ, ಒಣ ಓಟ ತಡೆಯುವ ಪ್ಯಾನಲ್ ಬೇಕು. ಕೇಬಲ್ ಜಾಯಿಂಟು, ಅರ್ಥಿಂಗ್ ಸರಿಯಿಲ್ಲದಿದ್ದರೆ ಬಾವಿಗೆ ಇಳಿದವರ ಜೀವಕ್ಕೇ ಅಪಾಯ.

ಇರುವ ಮೊನೊಬ್ಲಾಕನ್ನೇ ಬಾವಿಯೊಳಗೆ ಎಂಟು-ಹತ್ತು ಅಡಿ ಕೆಳಗೆ ಕಟ್ಟೆ ಮಾಡಿ ಇಳಿಸುವವರಿದ್ದಾರೆ. ಅಗ್ಗ, ಕೆಲಸವೂ ಆಗುತ್ತದೆ. ಮಳೆಗಾಲದಲ್ಲಿ ರಾತ್ರಿ ಬಾವಿ ತುಂಬಿದರೆ ಮೋಟರ್ ಮುಳುಗುತ್ತದೆ. ಮೃಗಶಿರಾ ಹೊತ್ತಿಗೆ ಮೇಲೆತ್ತುವ ಶಿಸ್ತು ಮನೆಯಲ್ಲಿ ಇದ್ದರೆ ಮಾಡಿ. ಜೆಟ್ ಪಂಪ್ ಆಳದಿಂದ ಎತ್ತುತ್ತದೆ, ಆದರೆ ಎತ್ತಿದ ನೀರಿನ ಒಂದು ಪಾಲು ಮತ್ತೆ ಕೆಳಗೆ ಹೋಗಿ ಎತ್ತುವುದರಲ್ಲೇ ಖರ್ಚಾಗುತ್ತದೆ. ಹೊಲಕ್ಕೆ ನಾನು ಹೇಳುವುದಿಲ್ಲ.

ಮೇನ್ ಪೈಪ್ ಬದಲಿಸುವಾಗ ಎರಡು ಕೆಲಸ ಜೊತೆಗೇ ಮಾಡಿಸಿ. ಮೂರನೇ ಎಕರೆ ಎತ್ತರದಲ್ಲಿದೆ. ಪಂಪ್ ನಿಂತಾಗ ಪೈಪಿನ ನೀರು ಬಾವಿ ಕಡೆಗೆ ಜಾರುತ್ತದೆ, ಮೇಲ್ಗಡೆ ಒತ್ತಡ ಗಾಳಿಗಿಂತ ಕೆಳಗಿಳಿಯುತ್ತದೆ. ಆಗ ಡ್ರಿಪ್ಪರ್‌ಗಳು ಕೆಸರನ್ನು ಒಳಗೆ ಹೀರುತ್ತವೆ. ಎತ್ತರದ ಜಾಗದಲ್ಲಿ ಗಾಳಿಯನ್ನು ಹೊರಬಿಡುವ, ಒಳಗೂ ಬಿಡುವ ಏರ್ ವಾಲ್ವ್ ಹಾಕಿಸಿ. ಇನ್ನೊಂದು, ವಾಲ್ವನ್ನು ಒಮ್ಮೆಲೇ ತಿರುಗಿಸಿ ಮುಚ್ಚುವ ಅಭ್ಯಾಸ ಬಿಡಬೇಕು. ನಿಮ್ಮ ಈಗಿನ 63 ಎಂಎಂ ಪೈಪಿನಲ್ಲಿ ನೀರು ಸೆಕೆಂಡಿಗೆ 1.8 ಮೀಟರ್ ವೇಗದಲ್ಲಿ ಓಡುತ್ತದೆ. ಅದನ್ನು ಒಂದು ಸೆಕೆಂಡಿನಲ್ಲಿ ತಡೆದರೆ ಇರುವ ಒತ್ತಡದ ಮೇಲೆ ಇನ್ನೂ 5 ಕೆಜಿ ಹತ್ತಿರ ಒಮ್ಮೆಗೇ ಏರುತ್ತದೆ. 4 ಕೆಜಿ ಒತ್ತಡಕ್ಕೆ ಅಂತ ಮಾಡಿದ ಪೈಪ್ ಒಡೆಯುವುದು ಹೀಗೆ. ಮುಳ್ಳು ಅದನ್ನು ತೋರಿಸುವಷ್ಟು ಹೊತ್ತು ಇರುವುದೇ ಇಲ್ಲ. ಮುಂದಿನ ವಾಲ್ವ್ ತೆರೆದ ಮೇಲೆ ಹಿಂದಿನದನ್ನು ನಿಧಾನ ಮುಚ್ಚಿ.

ಗೇಜ್ ಯಾವುದು ಅಂತ ಕೇಳಿದ್ದಿರಿ. 0ರಿಂದ 4 ಕೆಜಿ ತನಕ ಇರುವುದು, ಗ್ಲಿಸರಿನ್ ತುಂಬಿದ್ದು ಕೊಳ್ಳಿ. ಗ್ಲಿಸರಿನ್ ಮುಳ್ಳಿನ ನಡುಕ ಹಿಡಿಯುತ್ತದೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 0-10 ಕೆಜಿ ಗೇಜ್ ಬೇಡ, ಅದರಲ್ಲಿ 0.3ಕ್ಕೂ 0.5ಕ್ಕೂ ವ್ಯತ್ಯಾಸ ಕಣ್ಣಿಗೆ ಸಿಗುವುದಿಲ್ಲ. ಗೇಜಿನ ಕೆಳಗೆ ಒಂದು ಸಣ್ಣ ಕಾಕ್ ಇರಲಿ. ನೋಡುವಾಗ ಮಾತ್ರ ತೆರೆದರೆ ಬಹಳ ವರ್ಷ ಬರುತ್ತದೆ. ಫಿಲ್ಟರಿಗೆ ಒಂದು, ಹೊಲಕ್ಕೆ ಹೊತ್ತೊಯ್ಯಲು ಇನ್ನೊಂದು. ಎರಡೂ ಸೇರಿದರೂ 5 ಎಚ್‌ಪಿ ಮೋಟರಿನ ಬೆಲೆಯ ಸಣ್ಣ ಪಾಲು. ಫಿಲ್ಟರಿಗೆ ಮೊದಲು, ಫಿಲ್ಟರ್ ದಾಟಿದ ಮೇಲೆ, ಮೂರನೇ ಎಕರೆಯ ವಾಲ್ವಿನ ಬಳಿ, ಅಲ್ಲಿನ ಸಾಲಿನ ತುದಿಯಲ್ಲಿ, ಹೀಗೆ ನಾಲ್ಕು ಕಡೆ ಓಡುವಾಗ ಅಳೆದು ಅಂಕಿ ಬರೆದು ಕಳಿಸಿ. ಸಬ್‌ಮೇನಿನಲ್ಲಿ ಒತ್ತಡ ಸರಿಯಿದ್ದೂ ಸಾಲಿನ ತುದಿಯಲ್ಲಿ ಇಲ್ಲದಿದ್ದರೆ ತೊಂದರೆ ಪೈಪಿನದ್ದಲ್ಲ, ಲ್ಯಾಟರಲ್ (ಸಾಲಿನ ಪೈಪ್) ಒಳಗೆ ಕಸ ಕೂತಿರುವುದು. ಆಗ 75 ಎಂಎಂ ಪೈಪ್ ಕೂಡ ಕೊಳ್ಳುವುದು ಬೇಡ, ತುದಿಗಳನ್ನು ಬಿಚ್ಚಿ ತೊಳೆದರೆ ಆಯಿತು.